ಕೆಂಪು ದೀಪ ಹತ್ತಿದ ಮುಖ

ಡಿಸೆಂಬರ್ ಎಂಟು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಕಾರಟಗಿಯ ಒಂದು ಅಕ್ಕಿ ಗಿರಣಿಯ ಕಚೇರಿ ಕೋಣೆ. ಹಾಜರಿದ್ದವರು ನಾಲ್ವರು: ವಿಚಾರಣಾಧಿಕಾರಿಯಾಗಿ ನಾನು, ಗಿರಣಿಯ ಪರವಾಗಿ ಆರೋಪ ಮಂಡಿಸಲು ಮ್ಯಾನೇಜರು, ಆರೋಪಕ್ಕೆ ಗುರಿಯಾದ ಹೆಣ್ಣಾಳು, ಅವಳ ಪರವಾಗಿ ಮಾತಾಡಲು ಅದೇ ಗಿರಣಿಯಲ್ಲಿ ದುಡಿಯುವ ಒಬ್ಬ ಹಿರಿಯ ಹೆಂಗಸು. ಆರೋಪ ಹೊರಿಸಿದ ಸಾಕ್ಷಿ ಹಾಜರಿರಲಿಲ್ಲ. ಅದು ಗೋಡೆಯ ಮೇಲಿನ ಕ್ಯಾಮೆರಾಗಳ ಹಿಂದೆ ಕೆಲಸ ಮಾಡುವ ಒಂದು ತಂತ್ರಾಂಶ.

ಕಾಯಂ ಕಾರ್ಮಿಕರನ್ನು ಕಳವಿನ ಆರೋಪದ ಮೇಲೆ ತೆಗೆಯುವ ಮುಂಚೆ ಮಾಲೀಕರು ವಿಚಾರಣೆ ನಡೆಸಬೇಕು. ಆರೋಪ ಬರಹದಲ್ಲಿರಬೇಕು, ಸಾಕ್ಷಿಗಳನ್ನು ಎದುರಿಗೆ ತರಬೇಕು, ಅವರನ್ನು ಪ್ರಶ್ನಿಸಲು ಆರೋಪಿಗೆ ಅವಕಾಶ ಕೊಡಬೇಕು. ಇದನ್ನು ನಡೆಸಲು ಹೊರಗಿನ ಒಬ್ಬರನ್ನು ನೇಮಿಸುವುದು ರೂಢಿ. ಕಾರ್ಮಿಕ ಇಲಾಖೆಯಿಂದ ನಿವೃತ್ತನಾಗಿ ಗಂಗಾವತಿಯಲ್ಲಿರುವ ನನ್ನನ್ನು ಅದಕ್ಕಾಗಿ ಕರೆಯುತ್ತಾರೆ. ನನ್ನದು ಒಂದೇ ಪದ್ಧತಿ. ಹತ್ತಕ್ಕೆ ಶುರು, ಒಂದಕ್ಕೆ ಊಟ, ಐದಕ್ಕೆ ಮುಕ್ತಾಯ. ಕೋಣೆಯಲ್ಲಿ ಆಡಿದ ಪ್ರತಿ ಮಾತನ್ನೂ ನನ್ನ ಕೈಯಾರೆ ಬರೆಯುತ್ತೇನೆ, ಓದಿ ಹೇಳುತ್ತೇನೆ, ಸಹಿ ತೆಗೆದುಕೊಳ್ಳುತ್ತೇನೆ. ಇದರಲ್ಲಿ ರಿಯಾಯಿತಿ ಇಲ್ಲ.

ಗೇಟಿನಲ್ಲಿ ನನ್ನನ್ನೂ ಕಾವಲುಗಾರ ಒಂದು ಪರದೆಯ ಮುಂದೆ ನಿಲ್ಲಿಸಿದ್ದ. "ಮಾರಿ ತೋರಸ್ರಿ ಸಾಹೇಬ್ರ. ಹಸರು ದೀಪ ಹತ್ತಿದ್ರ ಒಳಗ ಬಿಡತೀನಿ."

"ಹತ್ತಲಿಲ್ಲ ಅಂದ್ರ?"

"ಅದು ಒದರತೈತ್ರಿ. ನಾ ಬಾಗಲಾ ಹಾಕತೀನಿ."

ಹಸಿರು ಹತ್ತಿತು. ಅದರ ಬಗ್ಗೆ ಮತ್ತೆ ಯೋಚಿಸದೆ ಒಳಗೆ ಹೋದೆ.

ಮೊದಲು ಆರೋಪಿಯ ವಿವರ ಬರೆದುಕೊಂಡೆ. ಕೆಲಸ: ಅಕ್ಕಿ ಆರಿಸುವುದು, ಗೋದಾಮು ಗುಡಿಸುವುದು. ಗಂಡನ ಹೆಸರು ಕೇಳಿದಾಗ "ತೀರ್ಕೊಂಡಾರ್ರಿ" ಎಂದಳು. ವಾಸ, ಗಂಡನ ಅಣ್ಣನ ಮನೆಯಲ್ಲಿ. ಒಬ್ಬಳು ಮಗಳು, ಕಾಲೇಜು ಓದುತ್ತಾಳೆ. ಆರೋಪ ಪತ್ರ ಓದಿದೆ. ಹಂಗಾಮು ಶುರುವಾದ ದಿನ ಸಂಜೆ, ಚೀಲಗಳ ಒಟ್ಟಲಿನ ಹಿಂದೆ, ಆಕೆ ಅತ್ತಿತ್ತ ನೋಡಿ ಗಿರಣಿಯ ಮಾಲನ್ನು ಬಟ್ಟೆಯಲ್ಲಿ ಬಚ್ಚಿಟ್ಟುಕೊಂಡಳು ಎಂದು ಅದರಲ್ಲಿತ್ತು. ಜೊತೆಗೆ ಒಂದು ಚಿತ್ರ. ಅವಳ ಮುಖದ ಸುತ್ತ ಕೆಂಪು ಚೌಕ, ಕೆಳಗೆ 'ಅನುಮಾನ: ಅತಿ ಹೆಚ್ಚು' ಎಂಬ ಬರಹ. ಅಷ್ಟೇ.

"ಯಾರು ನೋಡಿದ್ದು?" ಎಂದು ಮ್ಯಾನೇಜರನ್ನು ಕೇಳಿದೆ.

"ಯಾರೂ ನೋಡಿಲ್ರಿ. ಸಿಸ್ಟಮ್ ನೋಡೇತ್ರಿ."

"ಗೇಟಿನಾಗ ಮೈ ತಪಾಸಣಿ ಆತೇನು? ಅಕ್ಕಿ ಸಿಕ್ತೇನು?"

"ಇಲ್ರಿ. ನಮಗ ತಿಳಿದದ್ದು ಮರುದಿನ. ಮೊಬೈಲಿಗೆ ಬಂತು."

"ಎಷ್ಟು ಅಕ್ಕಿ ಕಡಿಮಿ ಬಂತು?"

"ಹಂಗ ಲೆಕ್ಕ ಹತ್ತೂದಿಲ್ರಿ ಸಾಹೇಬ್ರ. ಲಾರಿಗಟ್ಟಲೆ ಹೊಕ್ಕೈತಿ."

ಹಿರಿಯ ಹೆಂಗಸು ಬಾಯಿ ಹಾಕಿದಳು. "ಲಾರಿಗಟ್ಟಲೆ ಹೋದದ್ದು ಕಾಣಲಿಲ್ಲ, ಇಕಿ ಸೆರಗು ಕಾಣ್ತು ನೋಡ್ರಿ ನಿಮ್ಮ ಸಿಸ್ಟಮ್ಮಿಗೆ. ಅದಕ್ಕ ಲಗ್ನ ಆಗೇತೋ ಇಲ್ಲೋ?"

"ನೀ ಸುಮ್ಕಿರ ಬೇ," ಎಂದ ಮ್ಯಾನೇಜರ್. ಅವನಿಗೂ ನಗು ಬಂತು. ಆರೋಪಿ ಮಾತ್ರ ನಗಲಿಲ್ಲ. ತಲೆ ಎತ್ತಲೂ ಇಲ್ಲ.

ಅವಳಿಗೆ ಆಗಲೇ ಗೊತ್ತಿದ್ದದ್ದು ನನಗೆ ಆಮೇಲೆ ಗೊತ್ತಾಯಿತು. ಈ ಗಿರಣಿಯ ಅಕ್ಕಿ ಕೊಳ್ಳುವ ದೊಡ್ಡ ಖರೀದಿದಾರರು ಕಾವಲಿಗೆ ಇದೇ ತಂತ್ರಾಂಶ ಇರಬೇಕೆಂದು ಕರಾರು ಹಾಕಿದ್ದಾರೆ. ಕಾರಟಗಿಯಿಂದ ಗಂಗಾವತಿವರೆಗೆ ಅವರಿಗೆ ಮಾಲು ಕೊಡುವ ಗಿರಣಿಗಳಲ್ಲೆಲ್ಲ ಅದೇ ಇದೆ, ಮತ್ತು ಮುಖಗಳ ಪಟ್ಟಿ ಎಲ್ಲರಿಗೂ ಒಂದೇ. ಅಮಾನತಾದ ಮೇಲೆ ಆಕೆ ಬೇರೆ ಗಿರಣಿಗಳಿಗೆ ಕೂಲಿ ಕೇಳಲು ಹೋಗಿದ್ದಳು. ಅಲ್ಲೆಲ್ಲ ಗೇಟಿನ ಪರದೆ ಕೆಂಪಾಗಿ ಕೂಗಿತ್ತು. ಕೊನೆಯ ಗೇಟಿನಲ್ಲಿ ಹಿಂದೆ ನಿಂತಿದ್ದ ಹೆಂಗಸರು ತಮ್ಮ ಬುತ್ತಿ ಚೀಲಗಳನ್ನು ಇವಳಿಂದ ದೂರ ಎಳೆದುಕೊಂಡರಂತೆ. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಶಿಕ್ಷೆ ಮಾತ್ರ ಊರೂರು ತಿರುಗುತ್ತಿತ್ತು.

ನಾನು ಮೂರು ವಿಷಯ ಕೇಳಿ ಬರೆಸಿದೆ. ಆ ಸಂಜೆಯ ಪೂರ್ತಿ ಚಿತ್ರೀಕರಣ ಬೇಕು. ವಿದ್ಯುನ್ಮಾನ ಸಾಕ್ಷ್ಯಕ್ಕೆ ಕಾನೂನು ಕೇಳುವ ಪ್ರಮಾಣಪತ್ರ ಬೇಕು. ಮತ್ತು ಪಾಟೀಸವಾಲಿಗೆ ಉತ್ತರಿಸಬಲ್ಲ ಒಬ್ಬ ಮನುಷ್ಯ ಬೇಕು. ಪೂರ್ತಿ ಚಿತ್ರೀಕರಣ ಅಳಿದುಹೋಗಿತ್ತು. ಕೆಲವು ದಿನಗಳಾದರೆ ತಾನಾಗಿ ಅಳಿಯುವ ಏರ್ಪಾಟು. ಪ್ರಮಾಣಪತ್ರ ಎಂದರೇನೆಂದು ಮ್ಯಾನೇಜರಿಗೆ ತಿಳಿದಿರಲಿಲ್ಲ. ಮನುಷ್ಯನಿಗಾಗಿ ತಂತ್ರಾಂಶದ ಕಂಪನಿಗೆ ಫೋನು ಹಚ್ಚಿದ. ಬಹಳ ಹೊತ್ತಿನ ನಂತರ ಬೆಂಗಳೂರಿನಿಂದ ಒಬ್ಬ ಪ್ರತಿನಿಧಿ ಮೊಬೈಲಿನ ಪರದೆಯಲ್ಲಿ ಕಾಣಿಸಿಕೊಂಡ. ಸಭ್ಯ ಮನುಷ್ಯ. ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ ಸಾಕ್ಷಿಯ ಕುರ್ಚಿಯ ಮುಂದೆ ಇಟ್ಟೆವು.

"ಈ ಹೆಣ್ಣುಮಗಳು ಕದ್ದಳು ಎಂದು ನಿಮ್ಮ ತಂತ್ರಾಂಶ ಹೇಗೆ ತೀರ್ಮಾನಿಸಿತು?" ಎಂದು ಕೇಳಿದೆ.

"ಸರ್, ಅದು ಕದ್ರು ಅಂತ ಹೇಳಲ್ಲ. ಅನುಮಾನ ಅಷ್ಟೇ. ನಿರ್ಧಾರ ಗಿರಣಿಯವರದ್ದು."

ಮ್ಯಾನೇಜರ್ ಮುಂದಕ್ಕೆ ಬಾಗಿದ. "ಏ, ನೀವss ಕೆಂಪು ಮಾಡಿ ಕಳಿಸೀರಿ, ಈಗ ನಮ್ಮ ಕೊಳ್ಳಿಗೆ ಕಟ್ಟತೀರೇನ್ರಿ?"

"ಯಾವ ಕಾರಣಕ್ಕೆ ಅನುಮಾನ?" ಎಂದೆ ನಾನು.

"ಅದು ತುಂಬಾ ಅಂಶಗಳನ್ನ ನೋಡುತ್ತೆ ಸರ್. ಕುತ್ತಿಗೆ ತಿರುಗಿಸೋದು, ಕೈ ಸೊಂಟದ ಹತ್ರ ಹೋಗೋದು, ಆ ಜಾಗ. ಯಾವುದಕ್ಕೆ ಎಷ್ಟು ಅಂತ ನಮಗೂ ಗೊತ್ತಾಗಲ್ಲ. ಗೊತ್ತಾದ್ರೂ ಅದು ಕಂಪನಿಯ ವ್ಯಾಪಾರ ರಹಸ್ಯ."

"ಸೀರೆ ಉಟ್ಟವರನ್ನು ನೋಡಿ ಕಲಿತದ್ದೇ ಅದು?"

"ಆ ಮಾಹಿತಿ ನನ್ನ ಹತ್ರ ಇಲ್ಲ ಸರ್."

ಬರೆದುಕೊಂಡೆ. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಸುಳ್ಳು ಹೇಳುವ ಸಾಕ್ಷಿಗಳನ್ನು, ಕುಡಿದು ಬಂದವರನ್ನು, ಕಲಿಸಿಕೊಟ್ಟದ್ದನ್ನು ಒಪ್ಪಿಸುವವರನ್ನು ಪ್ರಶ್ನಿಸಿದ ಅನುಭವ ನನಗಿದೆ. ಅವರಿಗೆಲ್ಲ ಒಂದು ಮುಖ ಇರುತ್ತಿತ್ತು. ಹಟ ಹಿಡಿದು ಕೇಳಿದರೆ ಎಲ್ಲಾದರೂ ಒಂದು ಕಡೆ ಬಿರುಕು ಸಿಗುತ್ತಿತ್ತು. ಇಲ್ಲಿ ಎಷ್ಟು ಕೇಳಿದರೂ ಹಿಡಿಯಲು ಏನೂ ಸಿಗಲಿಲ್ಲ. ಆ ಪ್ರತಿನಿಧಿಯದೂ ತಪ್ಪಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರದ ಕಾರಣಕ್ಕೆ ಒಬ್ಬ ಹೆಂಗಸಿನ ಕೂಲಿ ನಿಂತಿತ್ತು.

ಒತ್ತಾಯಿಸಿದ ಮೇಲೆ ಅವನು ತನ್ನ ಬಳಿ ಉಳಿದಿದ್ದ ಒಂದು ತುಣುಕು ವಿಡಿಯೊ ಕಳಿಸಿದ. ನಾಲ್ವರೂ ಒಂದೇ ಪರದೆಯ ಮೇಲೆ ಬಾಗಿದೆವು.

ಚೀಲಗಳ ಒಟ್ಟಲಿನ ಹಿಂದೆ ಇವಳು ಬರುತ್ತಾಳೆ. ಎಡಕ್ಕೆ ನೋಡುತ್ತಾಳೆ, ಬಲಕ್ಕೆ ನೋಡುತ್ತಾಳೆ. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚುತ್ತಾಳೆ. ಚಿತ್ರದ ಅಂಚಿನಿಂದ ಹಸಿರು ಬಳೆ ತುಂಬಿದ ಒಂದು ಕೈ ಬರುತ್ತದೆ. ಮುಷ್ಟಿ ಅಕ್ಕಿ, ಅದರ ಮೇಲೊಂದು ಒಣಕೊಬ್ಬರಿ ಬಟ್ಟಲು. ಇವಳು ಆ ಸೆರಗನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಮಡಚಿ ಸೊಂಟಕ್ಕೆ ಸಿಕ್ಕಿಸುತ್ತಾಳೆ. ಮತ್ತೆ ಅತ್ತಿತ್ತ ನೋಡುತ್ತಾಳೆ. ಮುಗಿಯಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ದಾಖಲೆಗೆ ಹೇಳುತ್ತೇನೆ. ಅದು ಉಡಿ ತುಂಬುವುದು. ಹಂಗಾಮಿನ ಮೊದಲ ಅಕ್ಕಿ ಬಿದ್ದ ದಿನ ಈ ಗಿರಣಿಯಲ್ಲಿ ಯಂತ್ರಕ್ಕೆ ಪೂಜೆಯಾಗುತ್ತದೆ. ಗಿರಣಿಯ ಮಾಲೀಕ ಸಾಹುಕಾರರ ತಾಯಿ ಬಂದು ಹೆಣ್ಣಾಳುಗಳಿಗೆಲ್ಲ ಆ ಅಕ್ಕಿಯಿಂದ ಉಡಿ ತುಂಬುತ್ತಾರೆ. ಮುತ್ತೈದೆಯರಿಗೆ ಮಾತ್ರ. ಗಂಡ ಸತ್ತವರು ದೂರ ನಿಂತು ನೋಡಬೇಕು. ಆ ದಿನ ಎಲ್ಲ ಮುಗಿದ ಮೇಲೆ ಯಾರೋ ಇವಳನ್ನು ಒಟ್ಟಲಿನ ಹಿಂದೆ ಕರೆದು, ಕದ್ದು ಮುಚ್ಚಿ, ಉಡಿ ತುಂಬಿದ್ದರು. ತಂತ್ರಾಂಶ ಒಂದು ವಿಷಯವನ್ನು ಸರಿಯಾಗಿಯೇ ಕಂಡಿತ್ತು: ಇವಳು ಅಂಜುತ್ತಿದ್ದಳು.

ನಾನು ಮೊಬೈಲಿನಿಂದ ತಲೆ ಎತ್ತಿದೆ. ಎದುರಿಗೆ ಕೂತ ಹಿರಿಯ ಹೆಂಗಸಿನ ಕೈಯಲ್ಲಿ ಅದೇ ಹಸಿರು ಬಳೆಗಳಿದ್ದವು.

ಮ್ಯಾನೇಜರ್ ಬಾಯಿ ತೆರೆದ. "ಸಾಹೇಬ್ರ, ಇದು—"

"ನಾನಿನ್ನೂ ನಿಮ್ಮನ್ನು ಏನೂ ಕೇಳಿಲ್ಲ," ಎಂದೆ.

ಹಿರಿಯ ಹೆಂಗಸೂ ಏನೋ ಹೇಳಲು ಹೊರಟಳು. ಆರೋಪಿ ಮೇಜಿನ ಕೆಳಗೆ ಅವಳ ಮೊಣಕಾಲು ಒತ್ತಿ ಹಿಡಿದದ್ದು ನನಗೆ ಕಂಡಿತು. ಒಂದು ಗಂಟೆಯ ಊಟಕ್ಕೆ ಮುಂಚೆ ನಾನೆಂದೂ ಬಿಡುವು ಕೊಟ್ಟವನಲ್ಲ. ಅಂದು ಕೊಟ್ಟೆ.

ಅಂಗಳದಲ್ಲಿ ನಲ್ಲಿಯ ಬಳಿ ಹಿರಿಯ ಹೆಂಗಸು ನನ್ನನ್ನು ಹಿಡಿದಳು. "ಯಪ್ಪಾ, ಆ ಕೈ ನಂದರಿ, ಅಕ್ಕಿನೂ ನನ್ನ ಉಡ್ಯಾಗ ಬಿದ್ದದ್ದರಿ. ಹೇಳಿಬಿಡತೀನಿ. ನನ್ನ ತಗದು ಹಾಕಿದ್ರ ಹಾಕವಲ್ರ್ಯಾಕ."

"ಅವಳು ಯಾಕೆ ಬೇಡ ಅಂತಾಳ?"

"ಅಕಿ ಭಾವ ಅದಾನಲ್ರಿ, ಬಾಜೂ ಗಿರಣ್ಯಾಗ ಸೂಪರ್‌ವೈಸರ್. ಅಕಿ ಇರೂದು ಅವನ ಮನ್ಯಾಗ. 'ರಂಡಿಮುಂಡಿಗೆ ಉಡಿ ಬೇಕಾತೇನು, ಯಾರ ಸಲುವಾಗಿ ತುಂಬಿಸಿಕೊಂಡಿ' ಅಂತಾನರಿ. ತಾಯಿ ಮಗಳು ಇಬ್ಬರನೂ ಹೊರಗ ಹಾಕತಾನ. ಮಗಳ ಕಾಲೇಜು ಅಲ್ಲಿಗೆ ಮುಗೀತು." ಆಮೇಲೆ ದನಿ ತಗ್ಗಿಸಿದಳು. "ವರ್ಷಾನುಗಟ್ಟಲೆ ಕಸ ಹೊಡದಾಳ್ರಿ, ಒಂದು ಹಿಡಿ ಅಕ್ಕಿ ಉಡ್ಯಾಗ ಬಿದ್ದಿಲ್ಲ. ಕಣ್ಣಿಲೆ ನೋಡಾಕ ಆಗಲಿಲ್ರಿ ನನಗ. ನಾ ಮಾಡಿದ್ದು ತಪ್ಪೇನ್ರಿ?"

ಇದಕ್ಕೆ ಉತ್ತರಿಸುವ ಅಧಿಕಾರ ವಿಚಾರಣಾಧಿಕಾರಿಗಿಲ್ಲ. ಒಳಗೆ ಹೋಗಿ ಪ್ರತಿನಿಧಿಯನ್ನು ಮತ್ತೆ ಪರದೆಗೆ ಕರೆಸಿದೆ.

"ಕೆಂಪು ದೀಪ ತೆಗೆಯಲು ಏನು ಮಾಡಬೇಕು?"

"ಸುಲಭ ಸರ್. ಅವರು ಏನು ಮಾಡ್ತಿದ್ರು ಅಂತ ಒಂದು ಸಾಲು ವಿವರಣೆ ಹಾಕಿ. ನಾವು ಪರಿಶೀಲಿಸಿ ಹಸಿರು ಮಾಡ್ತೀವಿ. ಇವತ್ತೇ ಆಗ್ಬಹುದು."

"ಆ ಒಂದು ಸಾಲು ಯಾರಿಗೆಲ್ಲ ಕಾಣುತ್ತದೆ?"

"ಎಲ್ಲ ಗಿರಣಿಗಳ ಸೂಪರ್‌ವೈಸರ್‌ಗಳಿಗೂ ಕಾಣುತ್ತೆ ಸರ್. ಮುಖದ ಜೊತೆಗೇ ಇರುತ್ತೆ. ಪಾರದರ್ಶಕವಾಗಿರಲಿ ಅಂತ."

"ಆಮೇಲೆ ಅಳಿಸಬಹುದೇ?"

"ಆ ವ್ಯವಸ್ಥೆ ಇಲ್ಲ ಸರ್."

ಆರೋಪಿ ಅಂದು ಮೊದಲ ಬಾರಿ ತಾನಾಗಿ ಮಾತಾಡಿದಳು. "ನಾನss ಕೆಲಸ ಬಿಟ್ಟು ಹೊಕ್ಕೀನ್ರಿ. ರಾಜೀನಾಮಿ ಬರಕೊಡತೀನಿ. ಆವಾಗ ಕೆಂಪು ಹೊಕ್ಕೈತೇನ್ರಿ?"

"ಇಲ್ಲಮ್ಮ," ಎಂದ ಪ್ರತಿನಿಧಿ. "ಕೆಲಸ ಬಿಟ್ಟರೂ ಪಟ್ಟಿಯಲ್ಲಿ ಇರುತ್ತೆ."

"ಹಂಗಾದ್ರ ಈ ಮಾರಿ ಎಲ್ಲಿ ಇಡ್ಲಿರಿ ನಾ?"

ಪ್ರತಿನಿಧಿ ಪರದೆಯಲ್ಲಿ ಕಣ್ಣು ತಗ್ಗಿಸಿದ.

ಊಟದ ಹೊತ್ತು ಮೀರಿತ್ತು. ಡಬ್ಬಿ ತೆರೆಯಲಿಲ್ಲ. ಕೊಪ್ಪಳದಲ್ಲಿರುವ ಪರಿಚಯದ ವಕೀಲರಿಗೆ ಫೋನು ಮಾಡಿದೆ. ಜನರ ಖಾಸಗಿ ಮಾಹಿತಿಯನ್ನು ಕಾಪಾಡುವ ಕಾಯ್ದೆ ಆಗಿದೆಯಲ್ಲ, ಅದರಡಿ ಅಳಿಸಿ ಎಂದು ಕೇಳಬಹುದೇ ಎಂದೆ. "ಕಾಯ್ದೆ ಆಗೇತ್ರಿ. ಅಳಿಸಿ ಅಂತ ಕೇಳೂ ಹಕ್ಕು ಇನ್ನೂ ಜಾರಿಗೆ ಬಂದಿಲ್ಲ. ಕೃತಕ ಬುದ್ಧಿಮತ್ತೆಗಂತೂ ಬ್ಯಾರೆ ಕಾಯ್ದೆನ ಇಲ್ಲ, ಮಾರ್ಗಸೂಚಿ ಅಷ್ಟ," ಎಂದರು. ಕಾರ್ಮಿಕ ನ್ಯಾಯಾಲಯ? "ವಜಾ ಮಾಡಿದ್ರ ಹೋಗಬಹುದು. ಕೆಂಪು ದೀಪಕ್ಕ ಆದೇಶ ಅಂತ ಇಲ್ಲಲ್ರಿ. ಯಾವುದರ ಮ್ಯಾಲೆ ಮೇಲ್ಮನವಿ ಹಾಕೂದು?"

ಅವರು ಹೇಳಿದ್ದು ಸರಿ. ನನಗೆ ತಿಳಿದ ಪ್ರತಿ ಬಾಗಿಲಿಗೂ ಒಂದು ಕಾಗದ ಬೇಕು, ಕಾಗದದ ಕೆಳಗೆ ಒಬ್ಬರ ಸಹಿ ಬೇಕು. ಇಲ್ಲಿ ಸಹಿ ಮಾಡಿದವರು ಯಾರೂ ಇಲ್ಲ. ತಂತ್ರಾಂಶ ಅನುಮಾನಿಸಿತು, ನಿರ್ಧಾರ ಗಿರಣಿಯದು ಎಂದಿತು. ಗಿರಣಿ, ಖರೀದಿದಾರರ ಕರಾರು ಎಂದಿತು. ಖರೀದಿದಾರರು ಇವಳ ಹೆಸರನ್ನೂ ಕೇಳಿದವರಲ್ಲ. ಆ ಮೇಜಿನ ಮುಂದೆ ಕೂತು, ಕೈಯಲ್ಲಿ ಪೆನ್ನು ಹಿಡಿದು, ನನ್ನಿಂದ ಏನೂ ಆಗುವುದಿಲ್ಲ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಬರೆಯುವ ಜಾಗ ನಡಾವಳಿಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಸಾಹುಕಾರರ ಫೋನು ಬಂತು. ಮರುದಿನ ಖರೀದಿದಾರರ ತಪಾಸಣೆ ಇತ್ತು. "ಇವತ್ತ ಮುಗಸ್ರಿ ಸಾಹೇಬ್ರ. ತಪ್ಪಂದ್ರ ತಪ್ಪು ಬರೀರಿ, ಇಲ್ಲಂದ್ರ ಇಲ್ಲ ಬರೀರಿ. ನಡುವ ತೂಗಾಡಸಬ್ಯಾಡ್ರಿ."

ಫೋನು ಇಟ್ಟಾಗ ಆರೋಪಿ ಎದ್ದು ನಿಂತಿದ್ದಳು. "ಬರಕೊಳ್ರಿ ಸಾಹೇಬ್ರ. ಆ ಹೊತ್ತು ಏನಾತಂತ ನಾನss ಹೇಳತೀನಿ. ಆದದ್ದಾಗಲಿ."

ಹಿರಿಯ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮ್ಯಾನೇಜರ್ ನನ್ನ ಪೆನ್ನನ್ನೇ ನೋಡುತ್ತಿದ್ದ. ಅವಳು ಹೇಳಿದರೆ ನಾನು ಬರೆಯಲೇಬೇಕು. ಬರೆದರೆ ಆಕೆ ನಿರ್ದೋಷಿ. ಮ್ಯಾನೇಜರ್ ಅದನ್ನೇ ಒಂದು ಸಾಲಾಗಿ ತಂತ್ರಾಂಶಕ್ಕೆ ಹಾಕುತ್ತಾನೆ, ದೀಪ ಹಸಿರಾಗುತ್ತದೆ. ಮರುದಿನ ಅವಳ ಭಾವನ ಪರದೆಯಲ್ಲಿ ಅದು ತೆರೆದುಕೊಳ್ಳುತ್ತದೆ. ಕೂಲಿ ಉಳಿಯುತ್ತದೆ, ಮನೆ ಹೋಗುತ್ತದೆ.

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಕೂಡವ್ವಾ. ನಾನು ನಿನ್ನ ಏನೂ ಕೇಳಿಲ್ಲ."

"ಹೇಳಬೇಕಲ್ರಿ?"

"ಯಾಕ ಹೇಳಬೇಕು? ನೀ ಕದ್ದಿ ಅಂತ ಇವರು ತೋರಸಬೇಕು. ಕದ್ದಿಲ್ಲ ಅಂತ ನೀ ತೋರಸೂದಲ್ಲ. ಇವರು ಇನ್ನೂ ಏನೂ ತೋರಸಿಲ್ಲ."

ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. "ಸಾಹೇಬ್ರ, ಅದು ಏನಂತ ನನಗೂ ತಿಳೀತ್ರಿ. ನನ್ನ ಹಡದವ್ವನೂ ಹಿಂಗ ದೂರ ನಿಂತು ನೋಡಿದಾಕಿ. ಆದ್ರ ಅಕಿ ಒಂದು ಮಾತು ಹೇಳಿದ್ರ ನನ್ನ ತಲಿಬ್ಯಾನಿ ಹೊಕ್ಕೈತ್ರಿ. ನಾಳೆ ಅವರು ಬಂದು, ಕೆಂಪು ಇದ್ದಾಕಿನ ಯಾಕ ಇಟಗೊಂಡಿ ಅಂದ್ರ ನಾ ಏನ್ ಹೇಳ್ಲಿ?"

"ಸಾಕ್ಷಿಯನ್ನು ಪ್ರಶ್ನಿಸಲಾಗಲಿಲ್ಲ, ಅದಕ್ಕೆ ಇಟ್ಟುಕೊಂಡೆ ಅನ್ರಿ. ನನ್ನ ವರದಿ ಕೊಡ್ರಿ. ತಿಳಿದದ್ದನ್ನ ನಿಮ್ಮ ಹಂತ್ಯಾಕ ಇಟಗೊಳ್ರಿ."

ಅವನು ತನ್ನ ಮೊಬೈಲಿನಿಂದ ಆ ವಿಡಿಯೊ ತುಣುಕನ್ನು ಅಳಿಸಿ, ಅಳಿಸಿದ್ದನ್ನು ನನಗೆ ತೋರಿಸಿದ. ಸಾಕ್ಷ್ಯವನ್ನು ಅಳಿಸಬಾರದು. ಅದರ ಮೂಲ ಕಂಪನಿಯ ಬಳಿಯೇ ಇದೆ ಎಂದು ಬರೆದು ಸುಮ್ಮನಾದೆ.

ಆಮೇಲೆ ವರದಿ ಬರೆದೆ. ಕಣ್ಣಾರೆ ಕಂಡ ಸಾಕ್ಷಿ ಇಲ್ಲ. ಮಾಲು ಕಡಿಮೆಯಾದದ್ದು ತೋರಿಸಿಲ್ಲ. ಮಾಲು ಸಿಕ್ಕಿಲ್ಲ. ಪೂರ್ತಿ ಚಿತ್ರೀಕರಣ ಇಲ್ಲ, ಪ್ರಮಾಣಪತ್ರ ಇಲ್ಲ. ತುಣುಕಿನಲ್ಲಿ ಆರೋಪಿ ತಾನಾಗಿ ಯಾವ ಚೀಲದಿಂದಲೂ ಏನನ್ನೂ ತೆಗೆದುಕೊಂಡಿಲ್ಲ. ಅನುಮಾನದ ಕಾರಣ ಅದನ್ನು ಹುಟ್ಟಿಸಿದವರಿಗೇ ತಿಳಿಯದು. ಕಾರಣ ಹೇಳಲಾಗದ ಅನುಮಾನದ ಮೇಲೆ ಒಬ್ಬರ ಜೀವನೋಪಾಯ ಕಸಿಯುವುದು ಸಹಜ ನ್ಯಾಯಕ್ಕೆ ವಿರುದ್ಧ. ಆರೋಪ ರುಜುವಾತಾಗಿಲ್ಲ. ಉಡಿ ಎಂಬ ಪದ ಅದರಲ್ಲಿ ಎಲ್ಲಿಯೂ ಇಲ್ಲ. ಎಲ್ಲವನ್ನೂ ಬರೆಯುವ ನನ್ನ ಪದ್ಧತಿಯನ್ನು ನಾನು ಮುರಿದದ್ದು ಅದೊಂದೇ ಕಡೆ.

ಸರಿ ಮಾಡಿದೆನೋ ಇಲ್ಲವೋ ಹೇಳಲಾರೆ. ಒಂದು ಸಾಲು ಬರೆದಿದ್ದರೆ ಆ ಸಂಜೆಯೇ ದೀಪ ಹಸಿರಾಗುತ್ತಿತ್ತು. ಈಗ ಈ ಗಿರಣಿಯಲ್ಲಿ ಅವಳಿಗೆ ಕೆಲಸವಿದೆ, ಉಳಿದ ಗೇಟುಗಳಲ್ಲಿ ಕೆಂಪು ಹಾಗೇ ಇದೆ. ಈ ಗಿರಣಿ ಮುಚ್ಚಿದರೆ, ಮ್ಯಾನೇಜರ್ ಬದಲಾದರೆ, ಅವಳಿಗೆ ಹೋಗಲು ಜಾಗವಿಲ್ಲ. ಮುಖ ತೆಗೆಯಬೇಕೆಂದು ಕಂಪನಿಗೆ ಅವಳ ಹೆಸರಿನಲ್ಲಿ ಒಂದು ಪತ್ರ, ಕಾರ್ಮಿಕ ಇಲಾಖೆಗೆ ಒಂದು ದೂರು ಬರೆದು, ಓದಿ ಹೇಳಿ, ಸಹಿ ಪಡೆದೆ. ಅವೆರಡರಿಂದ ಏನಾಗುತ್ತದೆಂಬ ಭರವಸೆ ನನಗಿರಲಿಲ್ಲ, ಅವಳಿಗೂ ಇರಲಿಲ್ಲ. ಸಹಿ ಮಾತ್ರ ನಿಧಾನವಾಗಿ, ಪೂರ್ತಿ ಹೆಸರು ಬರೆದು ಮಾಡಿದಳು.

ಮ್ಯಾನೇಜರ್ ಸಾಹುಕಾರರಿಗೆ ಫೋನಿನಲ್ಲಿ ವರದಿ ಓದಿದ. ಆ ಕಡೆಯಿಂದ, "ಇಟಗೋ ಅತ್ಲಾಗ. ಆದ್ರ ಗೇಟು ಹ್ಯಾಂಗ?" ಎಂದದ್ದು ನನಗೂ ಕೇಳಿಸಿತು.

ಅದು ಸರಿಯಾದ ಪ್ರಶ್ನೆ. ಗೇಟಿನ ಯಂತ್ರಕ್ಕೆ ನನ್ನ ವರದಿ ಓದಲು ಬರುವುದಿಲ್ಲ. ಒಂದು ಆದೇಶ ಬರೆಸಿದೆ. ಈ ಕಾರ್ಮಿಕೆಯ ವಿಷಯದಲ್ಲಿ ಯಂತ್ರದ ಸೂಚನೆಯನ್ನು ಪರಿಗಣಿಸತಕ್ಕದ್ದಲ್ಲ. ಕಾವಲುಗಾರನು ಕೀಲಿಯಿಂದ ಬಾಗಿಲು ತೆರೆದು, ಹಾಜರಿಯನ್ನು ಕೈಯಿಂದ ಬರೆಯತಕ್ಕದ್ದು. ಕಾರಣ ಕೇಳತಕ್ಕದ್ದಲ್ಲ. ಮ್ಯಾನೇಜರ್ ಸಹಿ ಹಾಕಿ ಮೊಹರು ಒತ್ತಿದ. ಆ ಇಡೀ ವ್ಯವಹಾರದಲ್ಲಿ ಗಿರಣಿಯ ಕಡೆಯಿಂದ ಅವಳ ಪರವಾಗಿ ಒಬ್ಬ ಮನುಷ್ಯನ ಸಹಿ ಬಿದ್ದದ್ದು ಅದೇ ಮೊದಲು.

ಎಲ್ಲರೂ ಗೇಟಿಗೆ ನಡೆದೆವು. ಹೊರಗೆ ಹೋಗುವಾಗ ಪರದೆ ನನ್ನ ಮುಖಕ್ಕೆ ಮತ್ತೆ ಹಸಿರಾಯಿತು.

"ನನ್ನ ಮುಖ ಇದರಿಂದ ತೆಗೀರಿ," ಎಂದೆ ಮ್ಯಾನೇಜರಿಗೆ.

"ತಗಿಯೂದು ನಮ್ಮ ಕೈಯಾಗ ಇಲ್ರಿ ಸಾಹೇಬ್ರ. ನೀವೂ ಅದರಾಗ ಅದೀರಿ ಈಗ."

ಹಿರಿಯ ಹೆಂಗಸು ಅಂದಳು, "ಇನ್ನ ಅತ್ತಿತ್ತ ನೋಡಬ್ಯಾಡ್ರಿ ಯಪ್ಪಾ, ಮೂಗಿನ ನೇರಕ್ಕ ಹೋಗ್ರಿ."

ಆದೇಶವನ್ನು ಕಾವಲುಗಾರನಿಗೆ ಓದಿ ಹೇಳಿದೆ. ಒಮ್ಮೆ ಪರೀಕ್ಷೆ ಮಾಡೋಣ ಎಂದು ಆಕೆಯನ್ನು ಹೊರಗೆ ಕಳಿಸಿ, ಒಳಗೆ ಬರಲು ಹೇಳಿದೆ. ಅವಳು ಪರದೆಯ ಮುಂದೆ ನಿಂತಳು. ಕೆಂಪು ಹತ್ತಿತು. ಕೂಗು ಶುರುವಾಯಿತು. ಭತ್ತ ಇಳಿಸುತ್ತಿದ್ದ ಹಮಾಲರೆಲ್ಲ ತಿರುಗಿ ನೋಡಿದರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಕಾವಲುಗಾರ ಕೀಲಿ ತಿರುವಿದ. "ಬಾರಬೇ ತಂಗಿ, ಒಳಗ ಬಾ. ಅದು ಒದರಲಿ."

ಅವಳು ಒಳಗೆ ಬಂದಳು. ಅದು ಇನ್ನೂ ಒದರುತ್ತಲೇ ಇತ್ತು. ಆದೇಶದ ನಾಲ್ಕು ಮೂಲೆಗೆ ಅಂಟು ಹಚ್ಚಿ ಕಾವಲುಗಾರನ ಕೋಣೆಯ ಗೋಡೆಗೆ, ಪರದೆಯ ಪಕ್ಕಕ್ಕೆ, ಒತ್ತಿ ಅಂಟಿಸಿದೆ.